ಬಾಂಗಡೆ, ಅಪ್ಪೆಹುಳಿ ಮತ್ತು ನಾನು ಅಳಿಸಿದ ಒಂದು ಸಾಲು

ಗುಂಪಿನಲ್ಲಿ ನನ್ನ ಹೆಸರು ಕ್ರಾಸಿಂಗ್. ಕೊಂಕಣ ರೈಲ್ವೆಯ ಒಂಟಿ ಹಳಿಯಲ್ಲಿ ಪ್ಯಾಸೆಂಜರ್ ಗಾಡಿ ಎದುರಿನ ಗಾಡಿಗೆ ದಾರಿ ಬಿಡಲು ನಿಂತಲ್ಲೇ ನಿಲ್ಲುವಂತೆ, ನಾನು ಎಲ್ಲಿಗೆ ಹೊರಟರೂ ಮುಕ್ಕಾಲು ಗಂಟೆ ತಡ. ಕುಮಟಾದಲ್ಲಿ ಪದವಿ ಓದುವಾಗ ಅಂಟಿಕೊಂಡ ಹೆಸರು, ಇಪ್ಪತ್ತೆಂಟಾದರೂ ಬಿಟ್ಟಿಲ್ಲ. ಕಾರವಾರದ ಗೆಳೆಯ ಬಾಂಗಡೆ. ಅವನ ಮನೆಯವರದು ಬೈತಖೋಲ ಬಂದರಿನಲ್ಲಿ ಒಂದು ಪರ್ಸಿನ್ ಬೋಟು, ಅಂದರೆ ಮೀನಿನ ಹಿಂಡಿಗೆ ಸುತ್ತುಬಲೆ ಹಾಕುವ ದೋಣಿ. ಶಿರಸಿ ಕಡೆಯವನು ಅಪ್ಪೆಹುಳಿ. ಹಾಸ್ಟೆಲಿನ ಸಾರು ಕಂಡಾಗಲೆಲ್ಲ ಮನೆಯ ಅಪ್ಪೆಹುಳಿಯನ್ನು, ಅಂದರೆ ಮಾವಿನಕಾಯಿಯ ಹುಳಿ ಸಾರನ್ನು, ನೆನೆದು ಮೂರು ವರ್ಷ ಕಳೆದವನು. ನಮ್ಮದು ನಲವತ್ತೊಂದು ಜನರ ವಾಟ್ಸ್ಆ್ಯಪ್ ಗುಂಪು. ಅಡ್ಮಿನ್ ನಾನು. ಗುಂಪು ಮಾಡಿದ ದಿನ ಎಲ್ಲರ ನಂಬರ್ ಇದ್ದದ್ದು ನನ್ನ ಬಳಿ ಮಾತ್ರ, ಅಷ್ಟೇ ಅರ್ಹತೆ.

ಬಾಂಗಡೆಗೂ ಅಪ್ಪೆಹುಳಿಗೂ ನಡೆಯುತ್ತಿದ್ದ ಜಗಳ ಉಳಿದವರಿಗೆಲ್ಲ ನಿತ್ಯದ ಮನರಂಜನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದೇ ತಿಂಗಳುಗಳಲ್ಲಿ ಘಟ್ಟದ ಮೇಲಿನ ಅಡಿಕೆ ತೋಟಗಳಿಗೆ ಕೊಳೆ ರೋಗದ ಭಯ. ಹಾಗಾಗಿ ಪ್ರತಿ ಮಳೆಗಾಲದಲ್ಲಿಯೂ ಅಪ್ಪೆಹುಳಿ ಕೇಳುತ್ತಿದ್ದ: ‘ಸರ್ಕಾರಿ ರಜೆ ಹೇಗಿದೆ ಮಾರಾಯ, ಸಂಬಳ ಸಹಿತವೋ ರಹಿತವೋ?’ ಬಾಂಗಡೆಯ ಉತ್ತರ: ‘ಅದಿರಲಿ, ನಿನ್ನ ಅಡಿಕೆ ಮರದಲ್ಲಿದೆಯೋ ನೆಲದಲ್ಲಿದೆಯೋ?’ ಐದಾರು ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಯಾರಿಗೂ ಬೇಸರ ಬಂದಿರಲಿಲ್ಲ.

ಮೂರು ವರ್ಷದ ಹಿಂದಿನ ಜುಲೈಯ ಒಂದು ರಾತ್ರಿ ಅಪ್ಪೆಹುಳಿ ಅದೇ ರಜೆಯ ಪ್ರಶ್ನೆ ಕೇಳಿದ. ಎಂಟು ಹತ್ತು ಜನ ನಗುವ ಮುಖಗಳನ್ನು ಸುರಿದರು. ಒಬ್ಬ ಬಲೆಯಲ್ಲಿ ಮಲಗಿ ಗೊರಕೆ ಹೊಡೆಯುವ ಮನುಷ್ಯನ ಚಿತ್ರ ಹಾಕಿದ. ಬಾಂಗಡೆ ಬರೆದ: ‘ನಿನ್ನ ಅಪ್ಪನ ತೋಟದಲ್ಲಿ ಕೊಳೆತು ಬಿದ್ದದ್ದು ಅಡಿಕೆಯೊಂದೇ ಅಲ್ಲ.’

ಗುಂಪು ಗಪ್ಪಾಯಿತು. ನಾನು ಗಾಬರಿಯಲ್ಲಿ ಆ ಸಾಲನ್ನು ಅಳಿಸಿದೆ. ಇತರರ ಸಂದೇಶವನ್ನು ಅಳಿಸುವ ಅಧಿಕಾರ 2022ರಿಂದ ಅಡ್ಮಿನ್‌ಗೆ ಇದೆ, ಆದರೆ ಅಳಿಸಿದವರು ಯಾರು ಎಂಬುದು ಆ ಜಾಗದಲ್ಲಿಯೇ ಉಳಿಯುತ್ತದೆ. ನೋಡದೇ ಇದ್ದ ಮೂವತ್ತು ಜನರಿಗೂ ಕುತೂಹಲ ಹುಟ್ಟಿತು. ಬೆಳಗಾಗುವುದರೊಳಗೆ ಸ್ಕ್ರೀನ್‌ಶಾಟ್ ಎಲ್ಲರ ಮೊಬೈಲಿನಲ್ಲಿತ್ತು. ಅಪ್ಪೆಹುಳಿಗೆ ಅವಮಾನ ಎರಡು ಸಲ ಆಯಿತು. ಬಾಂಗಡೆಗೆ ತಾನು ಹೇಳಿದ್ದನ್ನು ತಾನೇ ಹಿಂದಕ್ಕೆ ಪಡೆಯುವ ಅವಕಾಶವೂ ಹೋಯಿತು.

ಆಮೇಲೆ ಮಾಡಿದ್ದು ಇನ್ನೂ ದಡ್ಡತನ. ಒಂಬತ್ತು ನಿಯಮ ಬರೆದು ಹಾಕಿದೆ. ‘ಮೇಡಂ, ಉಸಿರಾಡಲು ಅರ್ಜಿ ಎಲ್ಲಿ ಕೊಡಬೇಕು?’ ಎಂದು ಹೊನ್ನಾವರದವನು ಕೇಳಿದ. ಸಿಟ್ಟು ಬಂದು, ಅಡ್ಮಿನ್ ಮಾತ್ರ ಬರೆಯಬಹುದಾದ ಹಾಗೆ ಮಾಡಿ ಮೂರು ದಿನ ಬೀಗ ಹಾಕಿದೆ. ಆ ಮೂರು ದಿನದಲ್ಲಿ ನಾನಿಲ್ಲದ ಎರಡು ಗುಂಪುಗಳು ಹುಟ್ಟಿದವು.

ಕೊನೆಗೆ ಬಾಂಗಡೆಗೆ ಫೋನ್ ಮಾಡಿದೆ. ಮೊದಲೇ ಮಾಡಬೇಕಿತ್ತು. ಹಿಂದಿನ ಹಂಗಾಮು ಪೂರ್ತಿ ಮೀನಿರಲಿಲ್ಲ, ಡೀಸೆಲ್ ಹಣವೂ ಹುಟ್ಟಿರಲಿಲ್ಲ, ಸಾಲದವರು ಮನೆಗೆ ಬಂದು ಕೂತ ದಿನವೇ ಆ ಪ್ರಶ್ನೆ ಬಂದಿತ್ತು. ‘ಹಾಗಾದರೆ ಮೊದಲ ಎರಡು ಚೇಷ್ಟೆಗೆ ನಗುವ ಮುಖ ಹಾಕಿದೆಯಲ್ಲ?’ ಎಂದೆ. ‘ಹಾಕದಿದ್ದರೆ ಇವನಿಗೆ ಸಿಟ್ಟು ಬಂತೆಂದು ಇನ್ನೂ ಜೋರು ಮಾಡುತ್ತೀರಿ. ಅದಕ್ಕೇ ಹಾಕಿ ಮೊಬೈಲ್ ಮಗುಚಿಟ್ಟೆ’ ಎಂದ. ಅಂದಿನಿಂದ ನನಗೊಂದು ಅಭ್ಯಾಸ. ಚೇಷ್ಟೆಗೆ ಗುರಿಯಾದವರು ಎಲ್ಲರಿಗಿಂತ ಮೊದಲು ನಕ್ಕು, ಮತ್ತೆ ಮಾತಾಡದಿದ್ದರೆ ಗಡಿಯಾರ ನೋಡುತ್ತೇನೆ. ನಮ್ಮ ಬಳಗದಲ್ಲಿ ಚೇಷ್ಟೆ ಎಂದರೆ ತಿರುಗೇಟು ಇರಲೇಬೇಕು. ತಿರುಗೇಟು ಕೊಡಲು ತ್ರಾಣವಿಲ್ಲದವನ ಮೇಲೆ ಅದೇ ಹಳೆಯ ಮಾತು ಕಲ್ಲಾಗಿ ಬೀಳುತ್ತದೆ.

ಅಪ್ಪೆಹುಳಿಗೂ ಫೋನ್ ಮಾಡಿದೆ. ಕೊಳೆಗೆ ಔಷಧಿಯಾದ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನ ಬಿಸಿಲು ಸಿಗದೆ ಅವರ ತೋಟದಲ್ಲಿ ಅರ್ಧ ಫಸಲು ನಿಜವಾಗಿಯೂ ಉದುರಿತ್ತು. ಒಬ್ಬನ ಸಂಕಟ ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ದಿನವೂ ಮಾತಾಡುವವರು!

ಗುಂಪನ್ನು ನಡೆಸುವುದು ಹೇಗೆಂದು ನನಗೆ ಹೊಳೆದದ್ದು ಆ ವರ್ಷ ಶಿರಸಿ ಹತ್ತಿರದ ಅಪ್ಪೆಹುಳಿಯ ಊರಿನಲ್ಲಿ ಕೂತು ಕೇಳಿದ ಯಕ್ಷಗಾನ ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಕೃಷ್ಣನೂ ಕೌರವನೂ ಒಬ್ಬರನ್ನೊಬ್ಬರು ಹರಿದು ಹಾಕುತ್ತಾರೆ. ಮಂಗಳವಾದ ಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಅಂದು ಒಬ್ಬ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ಪಾತ್ರ ಬಿಟ್ಟು ಎದುರಿನವರ ಖಾಸಗಿ ವಿಷಯದ ಕಡೆ ಜಾರಿದರು. ಪದ್ಯ ಹಾಡುವ ಭಾಗವತರು ಗದರಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ. ತಾಳ ತಟ್ಟಿ ಮುಂದಿನ ಪದ್ಯ ಎತ್ತಿದರು. ಮದ್ದಳೆ ಸೇರಿಕೊಂಡಿತು. ಜಾರಿದ ಮಾತು ಅಲ್ಲೇ ಮುಳುಗಿತು, ಯಾರ ಮುಖವೂ ಹೋಗಲಿಲ್ಲ.

ಈಗ ನಾನು ಮಾಡುವುದು ಅದನ್ನೇ. ಮಾತು ಮನೆಯವರ ಮೇಲೆ, ಜಾತಿಯ ಮೇಲೆ, ಮೈಬಣ್ಣದ ಮೇಲೆ, ಸಾಲದ ಮೇಲೆ ಹೊರಳುವ ಸೂಚನೆ ಕಂಡರೆ ಕಾಲೇಜಿನ ಹಳೆಯ ಫೋಟೋ ಒಂದನ್ನು ಎಸೆಯುತ್ತೇನೆ. ಹೆಚ್ಚಾಗಿ ನನ್ನದೇ, ಅಸಹ್ಯವಾಗಿ ಬಂದಿರುವಂಥದ್ದು. ಎಲ್ಲರೂ ಅದರ ಮೇಲೆ ಬೀಳುತ್ತಾರೆ. ಅಷ್ಟರಲ್ಲಿ ಹೇಳಿದವನಿಗೊಂದು, ಹೇಳಿಸಿಕೊಂಡವನಿಗೊಂದು ಫೋನ್ ಮಾಡುತ್ತೇನೆ. ‘ಅದನ್ನು ನೀನೇ ಅಳಿಸು’ ಎಂದರೆ ಹತ್ತರಲ್ಲಿ ಎಂಟು ಸಲ ಅಳಿಸುತ್ತಾರೆ. ತನ್ನ ಸಂದೇಶ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚೇ ಸಮಯ ಇರುತ್ತದೆ. ಕೇಳದಿದ್ದ ಒಬ್ಬನನ್ನು ಮಾತ್ರ ಗುಂಪಿನಿಂದ ತೆಗೆದಿದ್ದೇನೆ. ಅವನ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ಇನ್ನೊಂದು ಪ್ರಯೋಗ ಫಲಿಸಿತು. ಕೆಣಕುವುದಿದ್ದರೆ ಬರೆಯಬೇಡಿ, ಧ್ವನಿ ಸಂದೇಶದಲ್ಲಿ ಕೆಣಕಿ ಎಂದೆ. ಇ-ಮೇಲ್ ಕುರಿತು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತಮ್ಮ ವ್ಯಂಗ್ಯವನ್ನು ಓದುವವರು ಹಿಡಿಯುತ್ತಾರೆ ಎಂದು ಬರೆದವರು ನಂಬಿದ್ದರಂತೆ. ಓದಿದವರು ಹಿಡಿದದ್ದು ನಾಣ್ಯ ಚಿಮ್ಮಿ ಊಹಿಸಿದ್ದಕ್ಕಿಂತ ತುಸು ಹೆಚ್ಚು, ಅಷ್ಟೇ. ಧ್ವನಿಯಲ್ಲಿ ಕೇಳಿದವರು ಬಹುಪಾಲು ಹಿಡಿದಿದ್ದರು. ನಮ್ಮಲ್ಲಂತೂ ಕಾರವಾರದ ಕೊಂಕಣಿ ಎಳೆತ, ಘಟ್ಟದ ಹವ್ಯಕ ಎಳೆತ ಎರಡೂ ಧ್ವನಿಯಲ್ಲಿ ಬರುವುದರಿಂದ ಅರ್ಧ ವಿಷ ಹಾಗೇ ಇಳಿಯುತ್ತದೆ. ಮೇಲಾಗಿ, ರಾತ್ರಿ ಹನ್ನೊಂದಕ್ಕೆ ಮನೆಯವರ ಎದುರು ದನಿಯೆತ್ತಿ ಬೈಯಲು ಯಾರಿಗೂ ಧೈರ್ಯವಿಲ್ಲ.

ಅಡ್ಮಿನ್ ಮೇಲೆ ಕೇಸು ಬೀಳುತ್ತದೆ ಎಂಬ ಫಾರ್ವರ್ಡ್ ನನಗೂ ಬಂದಿತ್ತು. ಸಮಾನ ಉದ್ದೇಶ ಇಲ್ಲದಿದ್ದರೆ ಸದಸ್ಯನ ಮಾತಿಗೆ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿಯೇ ಹೇಳಿದೆ. ಕೋರ್ಟು ಬಿಟ್ಟರೂ ಬಾಂಗಡೆಯ ಅಮ್ಮ ಬಿಡಲಿಲ್ಲ. ಆಗಸ್ಟಿನಲ್ಲಿ ದೋಣಿ ಇಳಿದ ಮೇಲೆ ಅವರ ಮನೆಗೆ ಊಟಕ್ಕೆ ಹೋದಾಗ, ‘ನೀನು ಇದ್ದೂ ಹುಡುಗರು ಹೀಗೆ ಆಡಿದರಾ ಮಗಾಳೆ?’ ಎಂಬಂತೆ ನೋಡಿ ಸಾರು ಬಡಿಸಿದರು. ಅಪ್ಪೆಹುಳಿ ಪಕ್ಕದಲ್ಲಿ ಕೂತು ಬರೀ ಅನ್ನ, ಕೋಕಮ್ಮಿನ ಸೋಲ್ಕಡಿ ಉಂಡ. ‘ಹುಳಿ ಸಾಲದು’ ಎಂದ. ಬಾಂಗಡೆ ಅವನ ಬೆನ್ನಿಗೆ ಗುದ್ದಿದ.

ಆ ಜುಲೈಯಲ್ಲಿ ಒಬ್ಬ ಗೆಳತಿ ಸದ್ದಿಲ್ಲದೆ ಗುಂಪು ಬಿಟ್ಟಿದ್ದಳು. ಬಿಟ್ಟ ಸೂಚನೆ ಅಡ್ಮಿನ್‌ಗೆ ಮಾತ್ರ ಬರುತ್ತದೆ. ಉಳಿದವರು ತಿಂಗಳುಗಟ್ಟಲೆ ಗಮನಿಸಲೂ ಇಲ್ಲ. ಅವಳ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ‘ಅದಕ್ಕೇ ಬಿಟ್ಟೆ. ನನ್ನ ಸರದಿ ಬರುವ ಮೊದಲು’ ಎಂದಳು. ಎರಡು ಸಲ ಮತ್ತೆ ಸೇರಿಸಲೇ ಎಂದು ಕೇಳಿದ್ದೇನೆ. ಬೇಡ, ನೀನು ಫೋನ್ ಮಾಡುತ್ತಿರು ಸಾಕು ಎನ್ನುತ್ತಾಳೆ. ಭಾನುವಾರ ಹನ್ನೊಂದಕ್ಕೆ ಮಾಡುವುದೆಂದು ಮಾತು. ಮಾಡುವಾಗ ಮುಕ್ಕಾಲು ಗಂಟೆ ತಡವಾಗಿರುತ್ತದೆ.