ಅರ್ಧ ಗೆದ್ದ ಕೇಸಿನಲ್ಲಿ ಖರ್ಚು ಕೇಳಿದ್ದು ಹೀಗೆ

ನನ್ನ ಕಕ್ಷಿದಾರರದು ಸಿಮೆಂಟು, ಕಬ್ಬಿಣದ ಅಂಗಡಿ. ಒಬ್ಬ ಗುತ್ತಿಗೆದಾರರಿಂದ 6,40,000 ರೂಪಾಯಿ ಬರಬೇಕಿತ್ತು. ಬಿಲ್ ಇತ್ತು, ಡೆಲಿವರಿ ಚಲನ್ ಮೇಲೆ ಸಹಿ ಇತ್ತು. ಅಷ್ಟಕ್ಕೇ ದಾವೆ ಹಾಕಿದ್ದರೆ ಸಾಕಿತ್ತು. "ಸರ್, ಮಾರ್ಕೆಟ್‌ನಲ್ಲಿ ನನ್ನ ಹೆಸರೂ ಹಾಳಾಯ್ತು, ಅದಕ್ಕೂ ಏನಾದ್ರೂ ಸೇರಿಸಿ" ಅಂದರು. ನಾನೂ ಸುಮ್ನೆ ತಲೆಯಾಡಿಸಿ ನಷ್ಟ ಪರಿಹಾರ ಅಂತ ಇನ್ನೊಂದು 4,00,000 ಸೇರಿಸಿದೆ. ಅದಕ್ಕೂ ಕೋರ್ಟ್ ಫೀ ಕಟ್ಟಿಸಿದೆ.

ಬಿಲ್ಲಿನ ಬಗ್ಗೆ ಪಾಟೀ ಸವಾಲು ಅರ್ಧ ಗಂಟೆಯಲ್ಲಿ ಮುಗಿಯಿತು. ನಷ್ಟದ ಬಗ್ಗೆ ಮೂರು ವಾಯಿದೆ ಹೋಯಿತು. ಯಾವ ಗಿರಾಕಿ ಬಿಟ್ಟ, ಎಷ್ಟು ವ್ಯಾಪಾರ ಬಿತ್ತು ಅಂತ ಕೇಳಿದರೆ ತೋರಿಸಲು ಒಂದು ಚೀಟಿಯೂ ಇಲ್ಲ! ಆ ಭಾಗ ಬೀಳುತ್ತದೆ ಅಂತ ಆಗಲೇ ಗೊತ್ತಾಯಿತು.

3 ಲಕ್ಷ ದಾಟಿದ ವ್ಯಾಪಾರದ ವ್ಯಾಜ್ಯವಾದ್ದರಿಂದ ಇದು 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ನಡೆಯುತ್ತಿತ್ತು. ಆ ಕಾಯ್ದೆ ಇಂಥ ದಾವೆಗಳ ಮಟ್ಟಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮನ್ನೇ ಬದಲಿಸಿದೆ. ಸೋತವರು ಗೆದ್ದವರಿಗೆ ಕೇಸಿನ ಖರ್ಚು ಕೊಡಬೇಕು ಅನ್ನುವುದು ಮೂಲ ನಿಯಮ. ಆದರೆ ಪಕ್ಷಗಾರರು ಹೇಗೆ ನಡೆದುಕೊಂಡರು, ಯಾವ ಭಾಗದಲ್ಲಿ ಗೆದ್ದರು, ರಾಜಿಗೆ ಬಂದ ನ್ಯಾಯವಾದ ಮಾತನ್ನು ಸುಮ್ಮನೆ ತಳ್ಳಿದರಾ ಅಂತಲೂ ನೋಡಬೇಕು. ಅಲ್ಲಿರುವ ಉದಾಹರಣೆ ಓದಿ ನನಗೆ ಬೆವರು ಬಂತು: ಹಣ ಗೆದ್ದ ವಾದಿಯ ನಷ್ಟದ ಕೇಳಿಕೆ ಹುರುಳಿಲ್ಲದ್ದಾದರೆ, ಗೆದ್ದವರ ಮೇಲೆಯೇ ಖರ್ಚು ಹೇರಬಹುದು. ಥೇಟ್ ನಮ್ಮ ಕೇಸೇ ಅಲ್ವಾ!

ಹಾಗಾಗಿ ವಾದದ ದಿನ ಒಂದು ಪುಟದ ಮೆಮೊ ಕೊಟ್ಟೆ. ಕೋರ್ಟ್ ಫೀಯನ್ನು ಎರಡು ಭಾಗ ಮಾಡಿ ತೋರಿಸಿದೆ, ಯಾವ ವಾಯಿದೆ ಯಾವುದಕ್ಕೆ ಹೋಯಿತು ಅಂತ ದಿನಾಂಕದ ಸಮೇತ ಬರೆದೆ, ನಷ್ಟದ ಪಾಲಿನ ಖರ್ಚು ಕೇಳುವುದಿಲ್ಲ ಅಂತ ನಾನೇ ಒಪ್ಪಿಕೊಂಡೆ. ಎದುರು ವಕೀಲರು "ಅವರವರ ಖರ್ಚು ಅವರವರಿಗೆ" ಅಂತ ಕೇಳಿದರು. ನೋಟಿಸಿಗೂ ಉತ್ತರ ಕೊಡದವರು ಹೀಗೆ ಕೇಳುವುದು ಹೇಗೆ ಅಂದೆ. 6,40,000ಕ್ಕೆ ಡಿಕ್ರಿ ಆಯಿತು, ಆ ಮೊತ್ತದ ಕೋರ್ಟ್ ಫೀ ಪೂರ್ತಿ ಬಂತು, ವಕೀಲರ ಫೀಯಲ್ಲಿ ಮುಕ್ಕಾಲು ಬಂತು. ನಷ್ಟಕ್ಕೆ ಕಟ್ಟಿದ ಕೋರ್ಟ್ ಫೀ ಮಾತ್ರ ಹೋಯಿತು. ಅದನ್ನು ಕಕ್ಷಿದಾರರಿಗೆ ಹೇಳುವಾಗ ನನ್ನ ಫೀಯಲ್ಲಿ ಸ್ವಲ್ಪ ಬಿಟ್ಟೆ.

ಈಗ ಪ್ರತಿವಾದಿ ಪರ ಇದ್ದರೆ ನಾನು ಮೊದಲು ನೋಡುವುದು ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 24, ಅಂದರೆ ಠೇವಣಿಯ ನಿಯಮಗಳು. ನಿಜವಾಗಿ ಕೊಡಬೇಕಾದಷ್ಟನ್ನು ಕೋರ್ಟಿನಲ್ಲಿ ಠೇವಣಿ ಇಟ್ಟರೆ, ವಾದಿ ಸಾಲದು ಅಂತ ಕೇಸು ಮುಂದುವರಿಸಿ ಕೊನೆಗೆ ಅಷ್ಟೇ ಸಿಕ್ಕಿದರೆ, ಠೇವಣಿಯ ನಂತರದ ಖರ್ಚು ವಾದಿಯ ತಲೆಗೇ ಬರುತ್ತದೆ. ನಮ್ಮ ಗುತ್ತಿಗೆದಾರರು ಮೊದಲೇ ಹಾಗೆ ಮಾಡಿದ್ದರೆ ನನ್ನ ಮೆಮೊ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.