ಕಕ್ಕಡ ದಾಟುವ ಲ್ಯಾಪ್‌ಟಾಪ್: ಮುಂದಿನ ತಲೆಮಾರಿನಿಂದ ನನಗೆ ಬೇಕಾದದ್ದು

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಮಡಿಕೇರಿಯ ರಿಪೇರಿ ಮೇಜಿಗೆ ಬರುವ ಲ್ಯಾಪ್‌ಟಾಪ್‌ಗಳ ಕಾಯಿಲೆ ಹೆಚ್ಚುಕಡಿಮೆ ನಾಲ್ಕೇ. ಚಾರ್ಜ್ ತೆಗೆದುಕೊಳ್ಳದ ಟೈಪ್-ಸಿ ಪೋರ್ಟ್, ಉಬ್ಬಿದ ಬ್ಯಾಟರಿ, ಕಿತ್ತುಬಂದ ಹಿಂಜ್ (ಪರದೆ ಮಡಿಚುವ ಕೀಲು), ಅರ್ಧ ಅಕ್ಷರ ಒತ್ತದ ಕೀಬೋರ್ಡ್. ಪ್ರೊಸೆಸರ್ ಸತ್ತು ಬರುವುದು ತೀರಾ ಅಪರೂಪ. ಆದರೂ ಹೊಸ ಮಾಡೆಲ್ ಬಂತೆಂದರೆ ಜನ ಮೊದಲು ಕೇಳುವುದು ಪ್ರೊಸೆಸರ್ ಎಷ್ಟನೇ ಜನರೇಷನ್ ಅಂತಲೇ. ಕೊಡಗಿನಲ್ಲಿ ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ನಿರ್ಧರಿಸುವುದು ಈ ನಾಲ್ಕು ಭಾಗ. ಅವುಗಳನ್ನು ಒಂದು ಸ್ಕ್ರೂಡ್ರೈವರ್‌ನಲ್ಲಿ ಬದಲಿಸುವಂತಿದ್ದರೆ ಅದೇ ನನ್ನ ಪಾಲಿಗೆ ಮುಂದಿನ ತಲೆಮಾರಿನ ಲ್ಯಾಪ್‌ಟಾಪ್.

ಮೊದಲು ತೇವದ ಲೆಕ್ಕ. ಮಳೆಗಾಲದಲ್ಲಿ ಹಂಚಿನ ಮನೆಯೊಂದರ ಕೋಣೆಯಲ್ಲಿ ಉಷ್ಣಾಂಶ 21 ಡಿಗ್ರಿ, ಗಾಳಿಯ ತೇವಾಂಶ ಶೇ. 95 ಇದೆ ಎಂದುಕೊಳ್ಳಿ. ಆ ಗಾಳಿ ಸುಮಾರು 20.2 ಡಿಗ್ರಿಗೆ ತಣಿದರೆ ನೀರಾಗಿ ಇಳಿಯುತ್ತದೆ. ಅಂದರೆ ಲೋಹದ ವಸ್ತುವೊಂದು ಕೋಣೆಗಿಂತ ಒಂದೇ ಡಿಗ್ರಿ ತಣ್ಣಗಿದ್ದರೂ ಅದರ ಮೈಮೇಲೆ ತೆಳ್ಳನೆ ನೀರಿನ ಪೊರೆ ಕೂರುತ್ತದೆ. ಅದೇ ಗಾಳಿ ಓಡುತ್ತಿರುವ ಲ್ಯಾಪ್‌ಟಾಪ್‌ನ ಒಳಗೆ 35 ಡಿಗ್ರಿಗೆ ಬಿಸಿಯಾದಾಗ ತೇವಾಂಶ ಶೇ. 42ರ ಆಸುಪಾಸಿಗೆ ಇಳಿಯುತ್ತದೆ. ದಿನವೂ ಬಳಸುವ ಹಳೇ ಯಂತ್ರ ಗಟ್ಟಿಯಾಗಿ ಉಳಿದು, ಬ್ಯಾಗಿನಲ್ಲಿ ಹಾಕಿ ಬೀರುವಿನಲ್ಲಿಟ್ಟ ಹೊಸದು ಬೂಷ್ಟು ಹಿಡಿದು ಸಾಯುವುದಕ್ಕೆ ಕಾರಣ ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಂದು ಗಂಟೆಯಾದರೂ ಲ್ಯಾಪ್‌ಟಾಪ್ ಆನ್ ಮಾಡಿ ಇಡಿ. ಬಳಸದ ಯಂತ್ರಕ್ಕೆ ನಾನು ಮಾಡುವ ವ್ಯವಸ್ಥೆ ಹೀಗೆ: ಮುಚ್ಚಳಕ್ಕೆ ರಬ್ಬರ್ ಅಂಚಿರುವ ಪ್ಲಾಸ್ಟಿಕ್ ಡಬ್ಬ, ತೆಳು ಬಟ್ಟೆಯ ಚೀಲದಲ್ಲಿ ಅರ್ಧ ಕೆಜಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮಾಪಕ. ಮಾಪಕ 40ರಿಂದ 50ರ ನಡುವೆ ನಿಂತರೆ ಸಾಕು. ಜೆಲ್ ಹಸಿರಿಗೆ ತಿರುಗಿದಾಗ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಆರಿದ ಮೇಲೆ ಮತ್ತೆ ಒಳಗಿಡುತ್ತೇನೆ. ಬಿಸಿಯಿರುವಾಗಲೇ ಹಾಕಬಾರದು. ಅಕ್ಕಿ ಡಬ್ಬದಲ್ಲಿ ಹುಗಿದಿಡುವ ಪದ್ಧತಿಯಿಂದ ಪ್ರಯೋಜನವಿಲ್ಲ, ಅಕ್ಕಿಯ ಹಿಟ್ಟು ಪೋರ್ಟಿನೊಳಗೆ ಸೇರುತ್ತದೆ ಅಷ್ಟೆ. ಒಲೆಯ ಮೇಲಿನ ಅಟ್ಟವೂ ಬೇಡ. ಏಲಕ್ಕಿಗೆ, ಮೆಣಸಿಗೆ ಒಗ್ಗುವ ಆ ಜಾಗದ ಹೊಗೆ ಫ್ಯಾನಿನ ರೆಕ್ಕೆಗೆ ಜಿಡ್ಡಾಗಿ ಅಂಟುತ್ತದೆ.

ಪೋರ್ಟ್

ಟೈಪ್-ಸಿ ಪೋರ್ಟಿನಲ್ಲಿ ಒಟ್ಟು 24 ಪಿನ್. ಅವುಗಳ ನಡುವಿನ ಅಂತರ ಅರ್ಧ ಮಿಲಿಮೀಟರ್. ಎ4 ಎಂಬ ಪಿನ್‌ನಲ್ಲಿ ಚಾರ್ಜಿಂಗ್ ವೋಲ್ಟೇಜ್ ಬರುತ್ತದೆ, 65 ವಾಟ್ ಚಾರ್ಜರ್ ಆದರೆ 20 ವೋಲ್ಟ್. ಅದರ ಪಕ್ಕದಲ್ಲೇ ಇರುವ ಎ5 ಸಿಸಿ ಪಿನ್. ಲ್ಯಾಪ್‌ಟಾಪ್ ಮತ್ತು ಚಾರ್ಜರ್ ‘ನನಗೆ ಇಷ್ಟು ವೋಲ್ಟ್ ಬೇಕು, ಕೊಡುತ್ತೇನೆ’ ಎಂದು ಮಾತಾಡಿಕೊಳ್ಳುವುದು ಈ ಪಿನ್ ಮೂಲಕ. ಈ ಎರಡರ ನಡುವೆ ತೇವ ಕೂತು, ಮೇಲೆ ಕೈ ಬೆವರಿನ ಉಪ್ಪು ಸೇರಿದರೆ, ಚಾರ್ಜ್ ಆಗುವಷ್ಟು ಹೊತ್ತೂ ಲೋಹ ಸವೆಯುತ್ತಿರುತ್ತದೆ. ಭೂತಕನ್ನಡಿಯಲ್ಲಿ ನೋಡಿದರೆ ಪಿನ್‌ನ ಚಿನ್ನದ ಲೇಪ ಹೋಗಿ, ಬುಡದಲ್ಲಿ ಪಾಚಿಯಂಥ ಹಸಿರು ಪುಡಿ ಕಾಣುತ್ತದೆ.

ಇದರ ಮೊದಲ ಲಕ್ಷಣವನ್ನು ಯಾರು ಬೇಕಾದರೂ ಗುರುತಿಸಬಹುದು. ಕೇಬಲ್ ಒಂದು ಮಗ್ಗುಲಲ್ಲಿ ಚುಚ್ಚಿದರೆ ಚಾರ್ಜ್ ಆಗುತ್ತದೆ, ತಿರುಗಿಸಿ ಚುಚ್ಚಿದರೆ ಆಗುವುದಿಲ್ಲ. ಎರಡು ಸಿಸಿ ಪಿನ್‌ಗಳಲ್ಲಿ ಒಂದು ಹೋಗಿದೆ ಅಂತ ಅರ್ಥ. ಆ ಹಂತದಲ್ಲೇ ತಂದರೆ ಪೋರ್ಟ್ ಉಳಿಯುವ ಸಾಧ್ಯತೆ ಇದೆ. ಯಂತ್ರ ಆಫ್ ಮಾಡಿ, ಹಿಂಬದಿ ಮುಚ್ಚಳ ತೆಗೆದು, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸುತ್ತೇನೆ. ಆಮೇಲೆ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ಹಲ್ಲಿನ ಸಂದಿ ತಿಕ್ಕುವ ತೆಳು ಬ್ರಷ್‌ನಿಂದ ಪೋರ್ಟಿನ ಒಳಗೆ ನಾಲ್ಕೈದು ಸಲ ಮೆಲ್ಲಗೆ ಆಡಿಸಬೇಕು. ಈ ಬ್ರಷ್‌ಗಳ ನಡುವೆ ತಂತಿ ಇರುತ್ತದೆ, ಪ್ಲಾಸ್ಟಿಕ್ ಸುತ್ತಿದ ತಂತಿಯದನ್ನೇ ಆರಿಸಿ. ಅರ್ಧ ಗಂಟೆ ಬಿಟ್ಟು, ವೋಲ್ಟೇಜ್ ತೋರಿಸುವ ಚಿಕ್ಕ ಯುಎಸ್‌ಬಿ ಮೀಟರ್ ನಡುವೆ ಹಾಕಿ ಚಾರ್ಜರ್ ಕೊಡುತ್ತೇನೆ. 20 ವೋಲ್ಟ್ ಬಂದರೆ ಮಾತುಕತೆ ಸರಿಹೋಯಿತು. 5 ವೋಲ್ಟ್‌ನಲ್ಲೇ ನಿಂತರೆ ಇನ್ನೂ ಕೊಳೆ ಇದೆ, ಇಲ್ಲವೇ ಪಿನ್ ಸವೆದುಹೋಗಿದೆ. ಗುಂಡುಸೂಜಿಯಿಂದ ಕೆರೆಯುವವರನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ, ಬೇಡ. ಉಳಿದ ಲೇಪವೂ ಹೋಗುತ್ತದೆ.

ಪಿನ್ ಸವೆದಿದ್ದರೆ ಪೋರ್ಟನ್ನೇ ಬದಲಿಸಬೇಕು. ಅದು ಮದರ್‌ಬೋರ್ಡಿಗೆ ನೇರ ಬೆಸೆದಿದ್ದರೆ ಬೆಸುಗೆ ಕರಗಿಸುವ ಹಾಟ್ ಏರ್ ಹಿಡಿದು 24 ಪಿನ್ ಬಿಡಿಸಿ ಕೂರಿಸುವ ಕೆಲಸ. ಪಕ್ಕದ ಸಣ್ಣ ಬಿಡಿಭಾಗಗಳು ಕದಲಿದರೆ ಇಡೀ ಬೋರ್ಡ್ ಅಪಾಯದಲ್ಲಿ. ಪೋರ್ಟ್ ಬೇರೆ ಪುಟ್ಟ ಬೋರ್ಡಿನ ಮೇಲಿದ್ದರೆ ಎರಡು ಸ್ಕ್ರೂ, ಒಂದು ರಿಬ್ಬನ್ ಕೇಬಲ್, ಹತ್ತು ನಿಮಿಷ. ಎರಡೂ ಒಂದೇ ಪೋರ್ಟ್, ಆದರೆ ಗ್ರಾಹಕರಿಗೆ ಬೀಳುವ ಖರ್ಚಿಗೆ ಅಜಗಜಾಂತರ. 2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ಈ ಸಮಸ್ಯೆಗೆ ದಾರಿ ತೋರಿಸಿದೆ. ಹೆಡ್‌ಫೋನ್ ಜ್ಯಾಕ್ ಬಿಟ್ಟರೆ ಹೊರಗಿನ ಪೋರ್ಟ್‌ಗಳೆಲ್ಲ ಜಾರಿಸಿ ತೆಗೆಯುವ ಕಾರ್ಡಿನ ಮೇಲಿವೆ, ಹಾಳಾದರೆ ಕಾರ್ಡ್ ಬದಲಿಸಿದರೆ ಮುಗಿಯಿತು. ದೊಡ್ಡ ಕಂಪನಿಗಳು ಅಷ್ಟು ದೂರ ಹೋಗದಿದ್ದರೂ ಪರವಾಗಿಲ್ಲ. ಚಾರ್ಜಿಂಗ್ ಪೋರ್ಟನ್ನು ಬೇರೆ ಬೋರ್ಡಿಗೆ ಹಾಕಲಿ, ಎರಡು ಪೋರ್ಟ್ ಇದ್ದರೆ ಒಂದೊಂದು ಬದಿಗೆ ಒಂದಿರಲಿ. ಯುರೋಪಿನಲ್ಲಿ 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪ್‌ಗಳಿಗೂ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ. ದುಂಡು ಪಿನ್ನಿನ ಚಾರ್ಜರ್ ಅಲ್ಲಿಂದ ಮಾಯವಾದ ಮೇಲೆ ನಮ್ಮಲ್ಲೂ ಹೆಚ್ಚು ದಿನ ಉಳಿಯದು. ಹಾಗಾಗಿ ಈ ಪೋರ್ಟಿನ ಮೇಲಿನ ಭಾರ ಮುಂದೆ ಇನ್ನೂ ಹೆಚ್ಚುತ್ತದೆ.

ಬ್ಯಾಟರಿ, ಕರೆಂಟು

ಮರ ಬಿದ್ದು ಲೈನ್ ಹೋದರೆ ಎಸ್ಟೇಟ್ ಕಡೆ ಒಂದೆರಡು ದಿನ ಕರೆಂಟು ಇಲ್ಲದಿರುವುದು ಇಲ್ಲಿ ವಿಶೇಷವಲ್ಲ. ಅದಕ್ಕೆ ಹೆದರಿ ಜನ ಚಾರ್ಜರ್ ಸದಾ ಹಾಕಿಟ್ಟಿರುತ್ತಾರೆ. ಶೇ. 100ರಲ್ಲಿ ತಿಂಗಳುಗಟ್ಟಲೆ ನಿಂತ ಲಿಥಿಯಂ ಬ್ಯಾಟರಿ, ಜೊತೆಗೆ ಯಂತ್ರದ ಬಿಸಿ, ಎರಡೂ ಸೇರಿ ಒಳಗೆ ಗ್ಯಾಸ್ ಕಟ್ಟುತ್ತದೆ. ಟಚ್‌ಪ್ಯಾಡ್ ಕ್ಲಿಕ್ ಆಗದಿರುವುದು ಅದರ ಮೊದಲ ಸೂಚನೆ. ಆಮೇಲೆ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದೆ ಅಲುಗಾಡುತ್ತದೆ. ಉಬ್ಬಿದ್ದನ್ನು ಚಾರ್ಜ್ ಮಾಡಲೇಬೇಡಿ. ಚಾರ್ಜ್ ಉಳಿದಿದ್ದರೆ ಶೇ. 25ರ ಕೆಳಗೆ ಇಳಿಸಿ ತೆಗೆಯುವುದು ಕ್ಷೇಮ. ಅಂಟಿಸಿದ ಬ್ಯಾಟರಿಯಾದರೆ ಲೋಹದ ಉಪಕರಣದಲ್ಲಿ ಎಬ್ಬಬಾರದು. ಅಂಚಿಗೆ ಐಸೊಪ್ರೊಪೈಲ್ ಹನಿಸಿ, ಅಂಟು ಸಡಿಲವಾಗುವವರೆಗೆ ಕಾದು, ಪ್ಲಾಸ್ಟಿಕ್ ಕಾರ್ಡ್ ಮೆಲ್ಲಗೆ ತೂರಿಸುತ್ತೇನೆ. ಒಣ ಮರಳಿನ ಬಕೆಟ್ ಯಾವಾಗಲೂ ಪಕ್ಕದಲ್ಲಿರುತ್ತದೆ.

ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಈಗ ಬಹುತೇಕ ಬ್ರಾಂಡ್‌ಗಳಲ್ಲಿದೆ, ಒಂದೊಂದರಲ್ಲಿ ಒಂದೊಂದು ಹೆಸರು. ನಾನು ವರ್ಷವಿಡೀ 80ರಲ್ಲಿಡುತ್ತೇನೆ, ಗಾಳಿಮಳೆ ಜೋರಾಗುವ ದಿನ ಸಂಜೆ ಮಾತ್ರ 100ಕ್ಕೆ ಏರಿಸುತ್ತೇನೆ.

2018ರ ಥಿಂಕ್‌ಪ್ಯಾಡ್ ಟಿ480 ಈಗಲೂ ನನ್ನ ಅಳತೆಗೋಲು. ಒಳಗೆ 24 ವಾಟ್-ಅವರ್‌ನ ಬ್ಯಾಟರಿ, ಹಿಂದುಗಡೆ ಬೆರಳಲ್ಲಿ ಲಾಚ್ ಜಾರಿಸಿ ತೆಗೆಯುವ 24, 48 ಅಥವಾ 72 ವಾಟ್-ಅವರ್‌ನ ಇನ್ನೊಂದು. ಹೊರಗಿನದನ್ನು ಬದಲಿಸುವಾಗ ಒಳಗಿನದು ಕೆಲಸ ನಡೆಸುತ್ತದೆ, ಯಂತ್ರ ಆಫ್ ಮಾಡಬೇಕಾಗಿಲ್ಲ. 24ಕ್ಕೆ 72 ಸೇರಿದರೆ 96. ಸರಾಸರಿ 8 ವಾಟ್ ಎಳೆದರೆ 12 ಗಂಟೆ. ಮರುವರ್ಷದ ಟಿ490ರಲ್ಲಿ ಇದನ್ನು ತೆಗೆದುಹಾಕಿದರು, ತೆಳ್ಳಗಾಯಿತು. ಕೊಡಗಿನವರಿಗೆ ಅದು ನಷ್ಟವೇ. ಮುಂದೆ ಸುಧಾರಿಸುತ್ತದೆ ಎಂಬ ನಂಬಿಕೆಗೆ ಆಧಾರ ಯುರೋಪಿನ ಬ್ಯಾಟರಿ ನಿಯಮ. 2027ರ ಫೆಬ್ರವರಿ 18ರಿಂದ ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು ಎನ್ನುತ್ತದೆ ಅದು. ಯುರೋಪಿಗೆ ಒಂದು ವಿನ್ಯಾಸ, ನಮಗೆ ಇನ್ನೊಂದು ಅಂತ ಕಂಪನಿಗಳು ಎರಡು ಅಚ್ಚು ಹಾಕುವುದು ಕಷ್ಟ. ಲಾಚ್ ಮರಳದಿದ್ದರೂ ಅಂಟು ಹೋಗಿ ಸ್ಕ್ರೂ ಬರುತ್ತದೆ ಎಂಬುದು ನನ್ನ ಅಂದಾಜು.

ಇನ್ವರ್ಟರ್ ಇರುವವರಿಗೆ ಇನ್ನೊಂದು ಉಪಾಯ. 12 ವೋಲ್ಟ್ ಬ್ಯಾಟರಿಯನ್ನು ಇನ್ವರ್ಟರ್ 230 ವೋಲ್ಟ್ ಮಾಡಿ, ಚಾರ್ಜರ್ ಅದನ್ನೇ ಮತ್ತೆ 20 ವೋಲ್ಟ್‌ಗೆ ಇಳಿಸುವ ಸುತ್ತುದಾರಿಯಲ್ಲಿ ಎರಡು ಕಡೆ ನಷ್ಟ. ಲೋಡ್ ಇಲ್ಲದಿದ್ದರೂ ಇನ್ವರ್ಟರ್ ಸ್ವಲ್ಪ ಕುಡಿಯುತ್ತಲೇ ಇರುತ್ತದೆ. ಅದರ ಬದಲು 12-24 ವೋಲ್ಟ್‌ನ, 65 ವಾಟ್ ಪಿಡಿ (ಟೈಪ್-ಸಿಯಲ್ಲಿ ವೋಲ್ಟೇಜ್ ಮಾತಾಡಿಕೊಂಡು ಕೊಡುವ ಪವರ್ ಡೆಲಿವರಿ ಪದ್ಧತಿ) ಕೊಡುವ ಕಾರ್ ಚಾರ್ಜರ್ ನೇರವಾಗಿ ಬ್ಯಾಟರಿಗೆ ಜೋಡಿಸಿ. ಪೂರ್ತಿ ಎಳೆದಾಗ ಸುಮಾರು 6 ಆಂಪಿಯರ್ ಹರಿಯುತ್ತದೆ, ಪಾಸಿಟಿವ್ ಟರ್ಮಿನಲ್‌ನ ಹತ್ತಿರವೇ 10 ಆಂಪಿಯರ್ ಫ್ಯೂಸ್ ಹಾಕುವುದು ಕಡ್ಡಾಯ. 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವಾಟ್-ಅವರ್. ಅರ್ಧ ಮಾತ್ರ ಬಳಸಿದರೂ 900. ನಷ್ಟ ಸೇರಿ ಒಂದು ಸಲಕ್ಕೆ 70 ಬೇಕೆಂದರೆ 60 ವಾಟ್-ಅವರ್‌ನ ಲ್ಯಾಪ್‌ಟಾಪನ್ನು ಹನ್ನೆರಡು ಸಲ ತುಂಬಬಹುದು. ಎರಡು ಬ್ಯಾಟರಿಯ 24 ವೋಲ್ಟ್ ಇನ್ವರ್ಟರ್ ಆದರೆ ಎರಡರ ಹೊರತುದಿಗಳಿಗೆ ಜೋಡಿಸಬೇಕು. ಒಂದರಿಂದ ಮಾತ್ರ ಎಳೆದರೆ ಅದು ಬೇಗ ಸೊರಗುತ್ತದೆ.

ಕಾಫಿ ಹೂ ಅರಳಿಸುವ ಹೂಮಳೆಯ ಜೊತೆ ಬರುವ ಸಿಡಿಲಿಗೆ ಮಾತ್ರ ಯಾವ ಮಾಡೆಲ್ಲೂ ಉತ್ತರವಲ್ಲ. ಗುಡುಗು ಕೇಳಿದ ಕೂಡಲೇ ಚಾರ್ಜರ್ ಜೊತೆಗೆ ಲ್ಯಾನ್ ಕೇಬಲ್ಲನ್ನೂ ಕೀಳಿ. ಇದನ್ನು ಮರೆಯುವವರೇ ಹೆಚ್ಚು.

ಹಿಂಜ್ ಮತ್ತು ಕೀಬೋರ್ಡ್

ಹಿಂಜ್ ಮುರಿಯಿತು ಅಂತ ತರುತ್ತಾರೆ, ನೋಡಿದರೆ ಹಿಂಜ್ ಗಟ್ಟಿಯಾಗೇ ಇರುತ್ತದೆ. ಗ್ರೀಸ್ ಒಣಗಿ, ಕಡ್ಡಿಗೆ ತುಕ್ಕು ಹಿಡಿದು ಅದು ಬಿಗಿಯಾಗಿರುತ್ತದೆ. ಪರದೆ ಎತ್ತಿದಾಗ ಆ ಬಲವೆಲ್ಲ ಪ್ಲಾಸ್ಟಿಕ್‌ನಲ್ಲಿ ಹುದುಗಿಸಿದ ಹಿತ್ತಾಳೆ ನಟ್‌ಗಳ ಮೇಲೆ ಬಿದ್ದು ಅವು ಬುಡಸಮೇತ ಕಿತ್ತುಬರುತ್ತವೆ. ಪರದೆ ಎತ್ತುವಾಗ ಬುಡವೂ ಜೊತೆಗೆ ಏಳುತ್ತಿದ್ದರೆ, ಮೂಲೆಯಲ್ಲಿ ಲಟಕ್ ಎಂದರೆ ಅದೇ ದಿನ ಬಿಚ್ಚಿಸಿ. ಕಡ್ಡಿಯ ತುದಿಯ ನಟ್ ಕಾಲು ಸುತ್ತು ಸಡಿಲಿಸಿ, ದಪ್ಪ ಗ್ರೀಸ್ ಒಂದು ಚುಕ್ಕೆ ಹಾಕಿ ಹತ್ತು ಸಲ ಆಡಿಸಿದರೆ ಸಾಕು. ನಟ್ ಆಗಲೇ ಕಿತ್ತಿದ್ದರೆ ಎರಡು ಟ್ಯೂಬಿನ ಎಪಾಕ್ಸಿಯನ್ನು ಸಮ ಪ್ರಮಾಣದಲ್ಲಿ ಕಲಸಿ ಕೂರಿಸಬೇಕು. ಐದು ನಿಮಿಷದಲ್ಲಿ ಗಟ್ಟಿಯಾಗುವುದು ಬೇಡ, ನಿಧಾನದ್ದೇ ಬಲ. ಮಳೆಗಾಲದಲ್ಲಿ ನಾನು ಒಣ ಜಾಗದಲ್ಲಿ ಎರಡು ದಿನ ಬಿಡುತ್ತೇನೆ. ಸ್ಕ್ರೂವಿಗೆ ಗ್ರೀಸ್ ಸವರದಿದ್ದರೆ ಅದೂ ಅಂಟಿಕೊಳ್ಳುತ್ತದೆ. ಹೊಸ ಮಾಡೆಲ್‌ಗಳಲ್ಲಿ ಹಿಂಜ್ ಲೋಹದ ಚೌಕಟ್ಟಿಗೇ ಕೂರಲಿ. ಕೀಬೋರ್ಡ್ ಕೂಡ ಹತ್ತಾರು ಪ್ಲಾಸ್ಟಿಕ್ ರಿವೆಟ್ ಕರಗಿಸಿ ಹಾಕಿದ್ದಾಗಿರದೆ ಸ್ಕ್ರೂವಿನದ್ದಾಗಲಿ. ಇದು ಆಗದ ಮಾತೇನಲ್ಲ. 2024ರ ಥಿಂಕ್‌ಪ್ಯಾಡ್ ಟಿ14 ಜೆನ್ 5ಕ್ಕೆ ಯಂತ್ರ ಬಿಚ್ಚಿ ನೋಡಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ರಿಪೇರಿ ಸುಲಭತೆಯಲ್ಲಿ 10ಕ್ಕೆ 9 ಅಂಕ ಕೊಟ್ಟಿತ್ತು.

ಮೆಮೊರಿ ಮತ್ತು ಎಐ

2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಐಗೆಂದು ಗುರುತಿಸಿದ ಕೋಪೈಲಟ್ ಪ್ಲಸ್ ಪಿಸಿಗೆ ಕನಿಷ್ಠ 40 ಟಾಪ್ಸ್‌ನ (ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ) ಎನ್‌ಪಿಯು ಅಂದರೆ ಎಐ ಲೆಕ್ಕಕ್ಕೆಂದೇ ಇರುವ ಚಿಪ್ ಭಾಗ, 16 ಜಿಬಿ ಮೆಮೊರಿ, 256 ಜಿಬಿ ಸಂಗ್ರಹ ಬೇಕೆಂದು ನಿಗದಿ ಮಾಡಿತು. ತೋಟದ ಲೆಕ್ಕ, ಹೋಂಸ್ಟೇ ಬುಕಿಂಗ್, ಮನೆಯಿಂದ ಮಾಡುವ ಆಫೀಸು ಕೆಲಸ ಇವಕ್ಕೆ ಆ 40 ಟಾಪ್ಸ್‌ನಿಂದ ನಾನು ಕಂಡ ಲಾಭ ಕಡಿಮೆ. ನಿಜವಾದ ಲಾಭ 16 ಜಿಬಿ ಕನಿಷ್ಠವಾದದ್ದು. ಆದರೆ ಆ ಮೆಮೊರಿ ಎಲ್ಲಿ ಕೂತಿದೆ ಎಂಬುದನ್ನು ನೋಡಿ. ಇಂಟೆಲ್‌ನ ಲೂನಾರ್ ಲೇಕ್ ಪ್ರೊಸೆಸರ್‌ನಲ್ಲಿ ಅದು ಪ್ರೊಸೆಸರ್ ಪ್ಯಾಕೇಜಿನ ಮೇಲೇ ಇದೆ, 16 ಅಥವಾ 32, ಆಮೇಲೆ ಏರಿಸಲಾಗದು. ಕರೆಂಟು ಕಡಿಮೆ ಎಳೆಯುತ್ತದೆ ನಿಜ, ಕೊಡಗಿಗೆ ಆ ಗುಣ ಬಹಳ ಮುಖ್ಯ. ಕಡಿಮೆ ಕರೆಂಟು, ಮೆಮೊರಿ ಏರಿಸುವ ಅವಕಾಶ ಎರಡೂ ಒಟ್ಟಿಗೆ ಸಿಗುವ ದಾರಿ ಎಲ್‌ಪಿಕ್ಯಾಮ್2. ಕಡಿಮೆ ಕರೆಂಟಿನ ಎಲ್‌ಪಿಡಿಡಿಆರ್5ಎಕ್ಸ್ ಮೆಮೊರಿಯನ್ನೇ ಸ್ಕ್ರೂ ಹಾಕಿ ಬಿಗಿಯುವ ಮಾಡ್ಯೂಲ್ ಅದು. 2024ರ ಥಿಂಕ್‌ಪ್ಯಾಡ್ ಪಿ1 ಜೆನ್ 7ರಲ್ಲಿ ಬಂದಿದೆ. ದುಬಾರಿ ಯಂತ್ರಗಳಿಂದ ಮಧ್ಯಮ ಬೆಲೆಯವಕ್ಕೆ ಇದು ಇಳಿದು ಬರಲಿ ಎಂಬುದು ನನ್ನ ದೊಡ್ಡ ಆಸೆ. ಅಲ್ಲಿಯವರೆಗೆ ಬೆಸೆದ ಮೆಮೊರಿಯ ಯಂತ್ರ ಕೊಳ್ಳುವವರು 16ಕ್ಕಿಂತ ಕಡಿಮೆಯದಕ್ಕೆ ಕೈ ಹಾಕಬೇಡಿ.

ಬೋರ್ಡಿಗೆ ಕಾರ್ಖಾನೆಯಲ್ಲೇ ತೇವ ತಡೆಯುವ ಲೇಪ ಹಾಕಿದರೆ ಇಷ್ಟರಲ್ಲಿ ಅರ್ಧ ಕೆಲಸ ಉಳಿಯುತ್ತದೆ. ಮನೆಯಲ್ಲಿ ಸ್ಪ್ರೇ ಮಾಡಿಕೊಳ್ಳಲು ಹೋಗಬೇಡಿ, ಕನೆಕ್ಟರ್ ಒಳಗೆ ಹನಿ ಬಿದ್ದರೆ ಸಂಪರ್ಕವೇ ಕಡಿಯುತ್ತದೆ.

ಹೊಸ ಮಾಡೆಲ್ ಕೊಳ್ಳುವ ಮೊದಲು ಅದರ ಮೇಂಟೆನೆನ್ಸ್ ಮ್ಯಾನ್ಯುಯಲ್ ಕಂಪನಿಯ ಸೈಟಿನಿಂದ ಇಳಿಸಿಕೊಳ್ಳಿ. ಬ್ಯಾಟರಿ ತೆಗೆಯುವ ಪುಟದಲ್ಲಿ ಸ್ಕ್ರೂ ಎಷ್ಟು, ಅಂಟು ಇದೆಯೇ ನೋಡಿ. ಡಿಸಿ-ಇನ್ (ಚಾರ್ಜಿಂಗ್) ಅಥವಾ ಯುಎಸ್‌ಬಿ ಬೋರ್ಡ್ ಅಂತ ಬೇರೆ ಬಿಡಿಭಾಗ ಪಟ್ಟಿಯಲ್ಲಿದೆಯೇ ಹುಡುಕಿ. ಕೀಬೋರ್ಡ್ ಒಂದನ್ನೇ ಕೊಡುತ್ತಾರೋ, ಮೇಲಿನ ಕವರ್ ಸಮೇತವೋ ನೋಡಿ. ಮ್ಯಾನ್ಯುಯಲ್ಲೇ ಸಿಗದ ಮಾಡೆಲ್ ನಾನು ಯಾರಿಗೂ ಹೇಳುವುದಿಲ್ಲ. ಕೊನೆಗೆ, ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿಗೆ ದುಡ್ಡು ಕಟ್ಟುವ ಮುಂಚೆ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ, ಮಡಿಕೇರಿಯವರಾದರೆ 571201. ಮೈಸೂರಿಗೆ ಸಿಗುವ ಸೇವೆ ಘಾಟಿ ಹತ್ತಿ ಬರುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.