‘ಲೈಟ್’ ಪದವನ್ನು ನಾನು ಕಲಿಸುವ ಬಗೆ

ಮಂಜೇಶ್ವರದ ಬಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನು ‘ಲೈಟ್’ ಎಂಬ ಒಂದು ಪದಕ್ಕೆ ಇಡೀ ಪೀರಿಯಡ್ ಮೀಸಲಿಡುತ್ತೇನೆ. ಮೊದಲು ಮಕ್ಕಳಿಂದಲೇ ಬಳಕೆಗಳನ್ನು ಹೇಳಿಸುತ್ತೇನೆ. ‘ಲೈಟ್ ಹಾಕು’, ‘ಲೈಟ್ ಚಾ’, ‘ಲೈಟ್ ಕಲರ್’ ಕೂಡಲೇ ಬರುತ್ತವೆ. ಬೆಳಕಿಗೆ ಸೇರಿದವನ್ನು ಬೋರ್ಡಿನ ಎಡಕ್ಕೂ ಹಗುರಕ್ಕೆ ಸೇರಿದವನ್ನು ಬಲಕ್ಕೂ ಬರೆಯುವಾಗ ‘ಲೈಟ್ ಕಲರ್’ ಎಲ್ಲಿಗೆ ಸಲ್ಲಬೇಕೆಂದು ಚರ್ಚೆ ಏಳುತ್ತದೆ. ತಿಳಿಬಣ್ಣವೆಂದರೆ ಬೆಳಕು ಹೆಚ್ಚಿರುವ ಬಣ್ಣ. ಆದ್ದರಿಂದ ಅದು ಎಡಕ್ಕೆ, ಚಹಾ ಬಲಕ್ಕೆ.

ಇವು ಒಂದೇ ಪದದ ಎರಡು ಅರ್ಥಗಳಲ್ಲ, ಬೇರೆ ಬೇರೆ ಮೂಲದ ಎರಡು ಪದಗಳು ಎಂದು ಆಮೇಲೆ ವಿವರಿಸುತ್ತೇನೆ. ಇಂಗ್ಲಿಷಿನಲ್ಲಿ ಉಚ್ಚಾರಣೆ ಒಂದೇ ಆಯಿತು. ಜರ್ಮನ್‌ನಲ್ಲಿ ಬೆಳಕು ‘ಲಿಖ್ಟ್’, ಹಗುರವಾದದ್ದು ‘ಲೈಖ್ಟ್’ ಎಂದು ಇಂದಿಗೂ ಪ್ರತ್ಯೇಕವಾಗಿಯೇ ಉಳಿದಿವೆ. ಬೆಳಕಿನ ‘ಲೈಟ್’ ಸಂಸ್ಕೃತದಲ್ಲಿ ಹೊಳೆಯುವುದನ್ನು ಸೂಚಿಸುವ ‘ರುಚ್’ ಧಾತುವಿನ ದಾಯಾದಿ. ಹಗುರದ ‘ಲೈಟ್’ ಸಂಸ್ಕೃತದ ‘ಲಘು’ವಿನ ದಾಯಾದಿ. ಕನ್ನಡ ತರಗತಿಯಲ್ಲಿ ಲಘು-ಗುರು ಗುರುತಿಸಿ ಪ್ರಸ್ತಾರ ಹಾಕಿದ ಮಕ್ಕಳಿಗೆ ಈ ನಂಟು ಥಟ್ಟನೆ ಹಿಡಿಸುತ್ತದೆ. ಶ್ವಾಸಕೋಶವೆಂಬ ಅರ್ಥದ ‘ಲಂಗ್’ ಕೂಡ ಇದೇ ಹಗುರದ ಬೇರಿನಿಂದ ಬಂದದ್ದು.

ಸ್ಪೆಲ್ಲಿಂಗಿನಲ್ಲಿ ಮೌನವಾಗಿರುವ ಜಿ ಮತ್ತು ಎಚ್ ಅಕ್ಷರಗಳು ಹಿಂದೆ ‘ಖ್’ಗೆ ಹತ್ತಿರವಾದ ಧ್ವನಿಯನ್ನು ಸೂಚಿಸುತ್ತಿದ್ದವು. ಧ್ವನಿ ಅಳಿಯಿತು, ಅಕ್ಷರಗಳು ಉಳಿದವು.

ಪ್ರಾಸಕ್ಕೆ ಬಂದಾಗ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮ ಹಳೆಯ ಕಾವ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಹೊಂದಬೇಕಿತ್ತು. 1911ರಲ್ಲಿ ಆ ಕಟ್ಟನ್ನು ಬಿಟ್ಟು ಬರೆದವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳೇ ಎಂಬುದನ್ನು ಅಭಿಮಾನದಿಂದ ನೆನಪಿಸುತ್ತೇನೆ. ಇಂಗ್ಲಿಷಿನಲ್ಲಿ ಒತ್ತು ಬೀಳುವ ಕೊನೆಯ ಸ್ವರದಿಂದ ಪದದ ಅಂತ್ಯದವರೆಗೆ ಧ್ವನಿ ಹೊಂದಬೇಕು. ಬರೆದಂತೆಯೇ ಓದುವ ಕನ್ನಡದ ಮಕ್ಕಳು ಅಕ್ಷರ ನೋಡಿ ‘ನೈಟ್’, ‘ರೈಟ್’, ‘ಬ್ರೈಟ್’ ಹುಡುಕುತ್ತಾರೆ. ಆಗ ಬೋರ್ಡ್ ಒರೆಸಿ, ಕಿವಿಯಿಂದಲೇ ಹುಡುಕುವಂತೆ ಹೇಳಿದರೆ ‘ಕೈಟ್’, ‘ವೈಟ್’ ಕೂಡ ಬರುತ್ತವೆ. ಎತ್ತರದ ‘ಹೈಟ್’, ತೂಕದ ‘ವೇಟ್’ ಇವುಗಳ ಸ್ಪೆಲ್ಲಿಂಗಿನಲ್ಲಿ ಮೊದಲಕ್ಷರವೊಂದೇ ಬೇರೆ. ಆದರೂ ‘ಲೈಟ್’ಗೆ ಪ್ರಾಸವಾಗುವುದು ‘ಹೈಟ್’ ಮಾತ್ರ. ಈ ಜೋಡಿಯನ್ನು ಗಟ್ಟಿಯಾಗಿ ಓದಿಸಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

‘ಡಿಲೈಟ್’ ಪದವನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಹಳೆಯ ಫ್ರೆಂಚಿನಿಂದ ಬಂದ ಅದಕ್ಕೆ ಎರಡು ‘ಲೈಟ್’ಗಳೊಡನೆಯೂ ರಕ್ತಸಂಬಂಧವಿಲ್ಲ, 16ನೆಯ ಶತಮಾನದಲ್ಲಿ ‘ಲೈಟ್’ನ ಮಾದರಿಯನ್ನು ಅನುಸರಿಸಿ ಬರೆಯತೊಡಗಿದ್ದರಿಂದ, ಎಂದೂ ಉಚ್ಚರಿಸದ ಜಿ ಮತ್ತು ಎಚ್ ಅದರೊಳಗೆ ಸೇರಿಕೊಂಡವು.